ಪಂಚಾಯಿತಿ ಕೈಬಿಟ್ಟ ವಾಚನಾಲಯ: ನಿಂತ ನೆರವನ್ನು ಮರಳಿ ಪಡೆದ ಬಗೆ

ಊರಿನವರೇ ಸೇರಿ ಸಂಬಳವಿಲ್ಲದೆ ನಡೆಸುವ ವಾಚನಾಲಯ, ಜೊತೆಗೆ ಹೈಸ್ಕೂಲ್ ಮಕ್ಕಳಿಗೆ ಸಂಜೆ ಪಾಠ. ಗ್ರಾಮ ಪಂಚಾಯಿತಿ ಇದಕ್ಕೆ ಹಳೆಯ ಕಟ್ಟಡದ ಒಂದು ಕೋಣೆ ಕೊಟ್ಟಿತ್ತು, ಕರೆಂಟ್ ಬಿಲ್ ಕಟ್ಟುತ್ತಿತ್ತು, ವರ್ಷಕ್ಕೊಮ್ಮೆ ಪತ್ರಿಕೆ–ಪುಸ್ತಕಕ್ಕೆಂದು ಸ್ವಲ್ಪ ಹಣ ಕೊಡುತ್ತಿತ್ತು. ಅಧ್ಯಕ್ಷರು ಬದಲಾದ ಮೇಲೆ ಮೂರೂ ನಿಂತವು. ಕೋಣೆ ಖಾಲಿ ಮಾಡಿ ಎಂದು ನೋಟಿಸೂ ಬಂತು. ಯುವಕ ಸಂಘ, ಮಹಿಳಾ ಮಂಡಳಿ, ಕೆರೆ ಸಮಿತಿ ಯಾವುದೇ ಇರಲಿ, ಪಂಚಾಯಿತಿಯ ಆಸರೆಯಲ್ಲಿ ನಡೆಯುವ ಸಂಘಗಳಿಗೆ ಇದು ಆಗಾಗ ಬರುವ ಪಾಡು. ನಾವು ಇದನ್ನು ಬಗೆಹರಿಸಿಕೊಂಡ ಕ್ರಮವನ್ನಷ್ಟೇ ಬರೆಯುತ್ತಿದ್ದೇನೆ. ಯಾವ ಊರು, ಯಾವ ಅಧ್ಯಕ್ಷರು ಎಂಬುದು ಇಲ್ಲಿ ಬೇಡ.

ಇಂಥ ಸಮಯದಲ್ಲಿ ಊರಲ್ಲಿ ಮೊದಲು ಹುಟ್ಟುವ ಮಾತು ‘ಇದೆಲ್ಲ ರಾಜಕೀಯ’. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲದಿದ್ದರೂ ಯಾರು ಯಾವ ಕಡೆ ಎಂಬುದು ಎಲ್ಲರಿಗೂ ಗೊತ್ತು. ಅಧ್ಯಕ್ಷರ ಅವಧಿ 30 ತಿಂಗಳು, ಹಾಗಾಗಿ ಒಂದೇ ಪಂಚಾಯಿತಿಯ ಐದು ವರ್ಷದಲ್ಲಿ ಎರಡು ಬಾರಿ ಗಾಳಿ ತಿರುಗುತ್ತದೆ. ರಾಜಕೀಯ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಬಿಲ್ ನಿಂತಿದ್ದಕ್ಕೆ ನಿಜವಾದ ಕಾರಣ ಕಡತದಲ್ಲಿರುತ್ತದೆ, ಅದನ್ನು ನೋಡದೆ ತಹಶೀಲ್ದಾರ್ ಕಚೇರಿ ಮುಂದೆ ಕೂತರೆ ಎರಡು ಫೋಟೊ ಬಿಟ್ಟು ಬೇರೇನೂ ಸಿಗುವುದಿಲ್ಲ.

ಕಡತ ನೋಡಲು ಮಾಹಿತಿ ಹಕ್ಕು ಅರ್ಜಿ ಸಾಕು. ಪಂಚಾಯಿತಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ನಮೂನೆ ‘ಎ’, 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಬಹಳ ಅರ್ಜಿಗಳು ತಿರಸ್ಕಾರವಾಗುವುದು ಇಲ್ಲೇ: ಎರಡು ಪುಟ ಅಳಲು ತೋಡಿಕೊಂಡು ಕೊನೆಯಲ್ಲಿ ‘ಯಾಕೆ ನಿಲ್ಲಿಸಿದಿರಿ?’ ಎಂದು ಕೇಳುವುದು. ‘ಯಾಕೆ’ ಎಂಬುದಕ್ಕೆ ಉತ್ತರ ಕೊಡಬೇಕಾದ ಹೊಣೆ ಮಾಹಿತಿ ಅಧಿಕಾರಿಗಿಲ್ಲ, ಇರುವ ದಾಖಲೆಯ ನಕಲು ಕೊಡುವ ಹೊಣೆ ಇದೆ. ಆದ್ದರಿಂದ ನಾವು ವಿಷಯಕ್ಕೊಂದರಂತೆ ಬೇರೆಬೇರೆ ಅರ್ಜಿ ಹಾಕಿ ಕೇಳಿದ್ದು ನಕಲುಗಳನ್ನೇ. ಕೋಣೆ ಕೊಟ್ಟ ಸಭೆಯ ನಡವಳಿ, ನೆರವು ನಿಲ್ಲಿಸಿದ ಸಭೆಯ ನಡವಳಿ, ಸಂಘಕ್ಕೆ ಪಾವತಿ ಮಾಡಿದ ವೋಚರುಗಳು, ಆ ವರ್ಷಗಳ ಲೆಕ್ಕಪರಿಶೋಧನಾ ವರದಿಯಲ್ಲಿ ಈ ಪಾವತಿಗೆ ಸಂಬಂಧಿಸಿದ ಕಂಡಿಕೆ, ಸ್ಥಿರಾಸ್ತಿ ರಿಜಿಸ್ಟರಿನಲ್ಲಿ ಆ ಕಟ್ಟಡದ ಪುಟ. ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಬಾರದಿದ್ದರೆ ಮೊದಲ ಮೇಲ್ಮನವಿ.

ಬಂದ ಹಾಳೆಗಳಲ್ಲಿ ಜೀವ ಇದ್ದದ್ದು ಲೆಕ್ಕಪರಿಶೋಧನೆಯ ಅರ್ಧ ಪುಟದಲ್ಲಿ. ಖಾಸಗಿ ಸಂಘಕ್ಕೆ ಕೊಟ್ಟ ಹಣಕ್ಕೆ ಸ್ಪಷ್ಟ ನಿರ್ಣಯವಿಲ್ಲ, ಬಳಕೆ ಪ್ರಮಾಣಪತ್ರವಿಲ್ಲ, ರಸೀದಿಯಿಲ್ಲ ಎಂದು ಆಡಿಟರ್ ಮೊತ್ತವನ್ನು ಆಕ್ಷೇಪಣೆಯಲ್ಲಿಟ್ಟಿದ್ದರು. ಇದರ ಬಿಸಿ ತಟ್ಟುವುದು ಪಿಡಿಒಗೆ. ಆಕ್ಷೇಪಣೆ ತೀರದಿದ್ದರೆ ವಸೂಲಾತಿಗೆ ಬರುತ್ತದೆ, ನಿವೃತ್ತಿಯ ಹೊತ್ತಿಗೂ ಕಾಡುತ್ತದೆ. ಹಾಗಾಗಿ ಹೊಸ ಪಿಡಿಒ ಬಂದವರೇ ಮೊದಲು ನಿಲ್ಲಿಸುವುದು ಇಂಥ ಪಾವತಿಯನ್ನು. ಅಧ್ಯಕ್ಷರ ಸಿಟ್ಟು ಅದಕ್ಕೆ ಒಂದು ಒಗ್ಗರಣೆ, ಅಷ್ಟೆ. ಇದು ತಿಳಿದ ಮೇಲೆ ಪಿಡಿಒ ಜೊತೆ ಆಡುವ ಮಾತೇ ಬದಲಾಗುತ್ತದೆ: ‘ನಮ್ಮ ಹಣ ಕೊಡಿ’ ಎನ್ನುವ ಬದಲು ‘ಆ ಕಂಡಿಕೆ ತೀರಿಸಲು ಏನು ದಾಖಲೆ ಬೇಕು ಸರ್?’ ಎಂದು ಕೇಳಬಹುದು. ನಾವು ಹಳೆಯ ವರ್ಷಗಳ ಪುಸ್ತಕದಂಗಡಿ ಬಿಲ್ಲು, ಪತ್ರಿಕೆ ಏಜೆಂಟರ ರಸೀದಿ, ಸಂಘದ ನಗದು ಪುಸ್ತಕದ ದೃಢೀಕೃತ ಪುಟಗಳನ್ನು ಒಂದು ಫೈಲು ಮಾಡಿ ಕೊಟ್ಟೆವು. ಆಕ್ಷೇಪಣೆಗೆ ಅನುಪಾಲನಾ ವರದಿ ಬರೆಯಲು ಪಿಡಿಒಗೆ ಬೇಕಿದ್ದದ್ದು ಅದೇ.

ನೋಟಿಸಿಗೆ ಮಾತ್ರ ತಡಮಾಡಬಾರದು. ಅದರಲ್ಲಿ ಯಾವ ದಿನಾಂಕದ ಸಭೆಯ, ಎಷ್ಟನೇ ನಿರ್ಣಯದ ಮೇಲೆ ಎಂದು ಬರೆದಿದೆಯೇ ನೋಡಬೇಕು. ಬರೆದಿರದಿದ್ದರೆ ಉತ್ತರದ ಮೊದಲ ಸಾಲೇ ‘ನಿರ್ಣಯದ ಪ್ರತಿ ಒದಗಿಸಿ’ ಎಂದಿರಲಿ. ಖುದ್ದಾಗಿ ಕೊಟ್ಟು ಎರಡನೇ ಪ್ರತಿಗೆ ಮೊಹರು, ದಿನಾಂಕದೊಂದಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 269ನೇ ಪ್ರಕರಣದಲ್ಲಿ ಪಂಚಾಯಿತಿಯ ಆದೇಶದ ವಿರುದ್ಧ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೇಲ್ಮನವಿ ಹೋಗಬಹುದು. ಅದಕ್ಕೆ 30 ದಿನದ ಗಡುವು. ಮಾತುಕತೆ ನಡೆಯುತ್ತಿದೆಯೆಂದು ಗಡುವು ನಿಲ್ಲುವುದಿಲ್ಲ. ‘ನೋಡೋಣ ಬನ್ನಿ ಮೇಷ್ಟ್ರೇ, ಅವಸರ ಏನಿದೆ’ ಎಂಬ ಮಾತಿನಲ್ಲೇ ತಿಂಗಳು ಕಳೆದುಹೋಗುವುದನ್ನು ಬಹಳ ಸಂಘಗಳಲ್ಲಿ ನೋಡಿದ್ದೇನೆ. ಮೇಲ್ಮನವಿಯ ಕರಡು ಸಿದ್ಧವಾಗಿಟ್ಟುಕೊಂಡೇ ಮಾತಿಗೆ ಕೂರಬೇಕು.

ಇದೇ ಹೊತ್ತಿಗೆ ಕೋಣೆಯೊಳಗಿನ ಸ್ವತ್ತಿನ ಪಟ್ಟಿ. ಬೀಗ ಬಿದ್ದ ಮೇಲೆ ‘ಆ ಕಪಾಟು ಪಂಚಾಯಿತಿಯದ್ದು’ ಎಂದರೆ ಹೇಳಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಪ್ರತಿ ಮೇಜು, ಕುರ್ಚಿ, ಕಪಾಟಿನ ಹಿಂಬದಿಗೆ ಪೇಂಟಿನಲ್ಲಿ ಸಂಖ್ಯೆ, ಪುಸ್ತಕದ ಒಳಪುಟಕ್ಕೆ ಸಂಘದ ಮೊಹರು ಮತ್ತು ದಾಖಲೆ ಸಂಖ್ಯೆ. ಪಟ್ಟಿಯಲ್ಲಿ ಒಂದು ಕಾಲಂ ‘ಯಾರದ್ದು’ ಎಂದಿರಲಿ. ಪಂಚಾಯಿತಿ ಹಣದಲ್ಲಿ ಬಂದದ್ದನ್ನು ಪಂಚಾಯಿತಿಯದ್ದೆಂದೇ ಬರೆಯಿರಿ. ಆ ಪ್ರಾಮಾಣಿಕತೆಯಿಂದಲೇ ಉಳಿದದ್ದಕ್ಕೆ ಬೆಲೆ ಬರುವುದು.

ಇನ್ನು ನೆರವಿನ ವಿಷಯ. ‘ಸಂಘಕ್ಕೆ ಸಹಕಾರ’ ಎಂಬ ಒಂದೇ ಗಂಟಾಗಿದ್ದದ್ದನ್ನು ಬಿಚ್ಚಿ ಕೋಣೆ, ಕರೆಂಟು, ಪುಸ್ತಕ ಎಂದು ಮೂರು ಬೇರೆ ಅರ್ಜಿ, ಮೂರು ಬೇರೆ ನಿರ್ಣಯ ಮಾಡಿಸಿದ್ದೇ ನಾವು ಮಾಡಿದ ಮುಖ್ಯ ಕೆಲಸ. ಗಂಟಾಗಿದ್ದರೆ ಒಂದಕ್ಕೆ ಆಕ್ಷೇಪಣೆ ಬಂದಾಗ ಮೂರೂ ಹೋಗುತ್ತವೆ.

ಕೋಣೆಗೆ ‘ಬಾಡಿಗೆ’, ‘ಗುತ್ತಿಗೆ’ ಎಂಬ ದಾರಿ ಹಿಡಿದರೆ ಮಳಿಗೆಗಳಂತೆ ಹರಾಜು ಯಾಕೆ ಮಾಡಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ನಾವು ಕೇಳಿದ್ದು 11 ತಿಂಗಳ ಬಳಕೆ ಅನುಮತಿ. ಸ್ವಾಧೀನ ಪಂಚಾಯಿತಿಯದ್ದೇ, ಒಂದು ಬೀಗದ ಕೈ ಕಚೇರಿಯಲ್ಲೇ ಇರುತ್ತದೆ, ಸಂಜೆ 5ರಿಂದ 9ರವರೆಗೆ ಮಾತ್ರ ನಮ್ಮ ಬಳಕೆ, ಚುನಾವಣೆ ಅಥವಾ ಲಸಿಕಾ ಶಿಬಿರಕ್ಕೆ ಬೇಕಾದಾಗ ಬಿಟ್ಟುಕೊಡುತ್ತೇವೆ, ಎರಡೂ ಕಡೆ 60 ದಿನದ ಮುನ್ಸೂಚನೆ. ಮೇಲ್ನೋಟಕ್ಕೆ ಇದು ಹಕ್ಕು ಬಿಟ್ಟುಕೊಟ್ಟಂತೆ ಕಾಣುತ್ತದೆ. ನಮ್ಮವರೇ ಕೆಲವರು ಒಪ್ಪಲಿಲ್ಲ, ಇಷ್ಟು ವರ್ಷ ಕೂತ ಜಾಗ ನಮ್ಮದೇ ಅಲ್ಲವೇ ಎಂದರು. ಅಲ್ಲ. ಪಂಚಾಯಿತಿ ಕಟ್ಟಡದಲ್ಲಿ ಎಷ್ಟೇ ವರ್ಷ ಕೂತಿದ್ದರೂ, ನಮಗೆ ಹಕ್ಕು ಹುಟ್ಟಿದಂತೆ ಮಾತಾಡಿದರೆ ಸದಸ್ಯರೆಲ್ಲ ನಮ್ಮ ವಿರುದ್ಧ ಒಂದಾಗಿಬಿಡುತ್ತಾರೆ. 60 ದಿನದ ಮುನ್ಸೂಚನೆ ಎಂಬ ಒಂದು ಸಾಲು ಯಾವ ‘ಹಕ್ಕಿ’ಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕರೆಂಟಿನ ಜಗಳ ತೀರಿದ್ದು ಲೆಕ್ಕದಿಂದ. ‘ಇವರು ಇಡೀ ರಾತ್ರಿ ಫ್ಯಾನು ಹಾಕ್ತಾರೆ’ ಎಂಬ ದೂರು ಸಭೆಯಲ್ಲಿ ಬಂದಾಗ ಇಟ್ಟ ಲೆಕ್ಕ ಇದು: 20 ವ್ಯಾಟಿನ ಎಲ್‌ಇಡಿ ಟ್ಯೂಬ್ 6, ಅಂದರೆ 120 ವ್ಯಾಟ್. 75 ವ್ಯಾಟಿನ ಫ್ಯಾನು 4, ಅಂದರೆ 300. ಒಟ್ಟು 420 ವ್ಯಾಟ್, ದಿನಕ್ಕೆ 4 ಗಂಟೆ, 1.68 ಯೂನಿಟ್. ತಿಂಗಳಿಗೆ 26 ದಿನ ಹಿಡಿದರೆ ಸುಮಾರು 44 ಯೂನಿಟ್. ಅದೇ ಆರ್‌ಆರ್ ನಂಬರಿನಲ್ಲಿ, ಅಂದರೆ ಅದೇ ವಿದ್ಯುತ್ ಸಂಪರ್ಕದಲ್ಲಿ, ಪಕ್ಕದ ಗೋದಾಮು, ಹೊರಗಿನ ದೀಪ, ಒಂದು ಮೋಟಾರೂ ಇದ್ದವು. ಬಿಲ್ಲಿನ ದೊಡ್ಡ ಪಾಲು ಅಲ್ಲಿಯದು. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಕೋಣೆಯ ಲೈನಿಗೆ ನಮ್ಮ ಖರ್ಚಿನಲ್ಲೇ ಒಂದು ಸಬ್ ಮೀಟರ್ ಕೂರಿಸಿ, ತಿಂಗಳ ಮೊದಲ ದಿನ ಪಂಚಾಯಿತಿಯ ಬಿಲ್ ಕಲೆಕ್ಟರ್ ಎದುರು ರೀಡಿಂಗ್ ಬರೆದು ಅವರ ಸಹಿ ಹಾಕಿಸಿದೆವು. ವಯರಿಂಗ್ ಹಳೆಯದಾಗಿದ್ದರೆ ಎಲೆಕ್ಟ್ರಿಷಿಯನ್ನಿಂದ ನ್ಯೂಟ್ರಲ್ ಪರೀಕ್ಷೆ ಮಾಡಿಸಿ. ಪಕ್ಕದ ಕೋಣೆಯ ಲೈನ್ ಇದರಲ್ಲೇ ಹಾದುಹೋಗಿದ್ದರೆ ಅವರ ಯೂನಿಟ್ಟೂ ನಮ್ಮ ತಲೆಗೆ ಬರುತ್ತದೆ. ಆಮೇಲೆ ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ) ಫ್ಯಾನಿಗೆ ಬದಲಾಯಿಸಿದರೆ ಒಟ್ಟು 240 ವ್ಯಾಟ್, ತಿಂಗಳಿಗೆ 25 ಯೂನಿಟ್. 50 ಯೂನಿಟ್‌ವರೆಗೆ ಪಂಚಾಯಿತಿ, ಮೇಲಿನದು ಸಂಘ ಎಂದು ಮಿತಿ ಬರೆದುಕೊಂಡ ಮೇಲೆ ಈ ವಿಷಯ ಸಭೆಗೆ ಮತ್ತೆ ಬಂದಿಲ್ಲ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಪಂಚಾಯಿತಿಯಿಂದ ಸಂಘದ ಖಾತೆಗೆ ನಗದು ಬೇಡ. ಬೇಕಾದದ್ದನ್ನು ಪಂಚಾಯಿತಿಯೇ ಖರೀದಿಸಲಿ, ತನ್ನ ದಾಸ್ತಾನು ವಹಿಯಲ್ಲಿ ಏರಿಸಲಿ, ನಮಗೆ ಬಳಕೆಗೆ ಕೊಡಲಿ. ಆಗ ಬಳಕೆ ಪ್ರಮಾಣಪತ್ರದ ಗೊಡವೆಯೇ ಇಲ್ಲ. ಆದರೆ ಯಾವ ಹಣದಿಂದ ಕೇಳಬೇಕು ಎಂಬುದು ಗೊತ್ತಿರಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021–26) ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ನಿರ್ಬಂಧಿತವಾಗಿತ್ತು. ಅದನ್ನು ಕೇಳುವುದೇ ವ್ಯರ್ಥವಾಗಿತ್ತು. ಉಳಿದ ಶೇ 40 ಅನಿರ್ಬಂಧಿತ, ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಿಗೆ ಬಳಸಬಹುದಿತ್ತು. ಗ್ರಂಥಾಲಯ ಅದರಲ್ಲಿ 20ನೆಯದು. ಆದರೆ ಸಂಬಳ, ಆಡಳಿತ ವೆಚ್ಚಕ್ಕೆ ಇದನ್ನು ಮುಟ್ಟುವಂತಿರಲಿಲ್ಲ, ಹಾಗಾಗಿ ಕರೆಂಟ್ ಬಿಲ್ ಇದರಲ್ಲಿ ಕೇಳದೆ ಕಪಾಟು, ಪುಸ್ತಕ, ಕೋಣೆ ದುರಸ್ತಿ ಕೇಳಿದೆವು. ಕರೆಂಟ್ ಬಿಲ್ ಬರಬೇಕಾದದ್ದು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ, ಕಚೇರಿ ಭಾಷೆಯಲ್ಲಿ ‘ವರ್ಗ-1’. ಕಂದಾಯ ವಸೂಲಿ ಕುಂಟುವ ಪಂಚಾಯಿತಿಯಲ್ಲಿ ವರ್ಗ-1 ಸದಾ ಬರಿದು. ನಮ್ಮ ಸ್ವಯಂಸೇವಕರು ಕರ ವಸೂಲಿ ಅಭಿಯಾನದ ವಾರ ಬಿಲ್ ಕಲೆಕ್ಟರ್ ಜೊತೆ ಮನೆಮನೆಗೆ ಹೋದದ್ದಕ್ಕೆ ಇದೂ ಒಂದು ಕಾರಣ.

ಗ್ರಾಮಸಭೆಯಲ್ಲಿ ಒಬ್ಬರಾದರೂ ‘ಕಂದಾಯದ ಜೊತೆ ಶೇ 6 ಗ್ರಂಥಾಲಯ ಕರ ಕಟ್ತೀವಲ್ಲ, ಅದನ್ನೇ ಕೊಡಿ’ ಎನ್ನುತ್ತಾರೆ. ಆ ಕರ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗೆ ಸೇರಿದ್ದು, ಪಂಚಾಯಿತಿ ಮನಸ್ಸು ಬಂದವರಿಗೆ ಹಂಚುವಂಥದ್ದಲ್ಲ. ಈ ವಾದ ಎತ್ತಿದರೆ ಪಿಡಿಒ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಾರೆ, ಉಳಿದ ನ್ಯಾಯವಾದ ಬೇಡಿಕೆಗೂ ಕಳೆ ಇಳಿಯುತ್ತದೆ.

ಎದುರಾದ ನಿಜವಾದ ಗಟ್ಟಿ ಆಕ್ಷೇಪ ಬೇರೆ: ‘ಪಂಚಾಯಿತಿಯದ್ದೇ ಅರಿವು ಕೇಂದ್ರ ಇದೆ, ನಿಮ್ಮದು ಯಾಕೆ?’ ಅರಿವು ಕೇಂದ್ರ ಎಂದು ಈಗ ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಈ ಪ್ರಶ್ನೆಗೆ ತೂಕ ಹೆಚ್ಚಿದೆ. ನಮ್ಮದು ಅದಕ್ಕಿಂತ ಚೆನ್ನಾಗಿದೆ ಎಂದು ವಾದಿಸಿದರೆ ಅಲ್ಲಿನ ಮೇಲ್ವಿಚಾರಕರನ್ನು ಎದುರು ಹಾಕಿಕೊಂಡಂತೆ. ಅರಿವು ಕೇಂದ್ರ ಬಾಗಿಲು ಹಾಕಿದ ಮೇಲೆ ನಮ್ಮ ಸಮಯ ಶುರು, ಅಲ್ಲಿನ ಪುಸ್ತಕವನ್ನು ಮಕ್ಕಳು ಇಲ್ಲಿ ಕೂತು ಓದುತ್ತಾರೆ, ಹೊಸ ಪುಸ್ತಕ ಖರೀದಿಯಾದರೆ ಅವರ ದಾಖಲಾತಿ ವಹಿಯಲ್ಲೇ ಏರಲಿ ಎಂದು ಬರೆದುಕೊಟ್ಟೆವು. ಮೇಲ್ವಿಚಾರಕರೇ ಸಭೆಯಲ್ಲಿ ನಮ್ಮ ಪರ ಮಾತಾಡಿದರು.

ಬೇಡಿಕೆ ಕೆಳಗಿನಿಂದ ಮೇಲೆ ಹೋಗಬೇಕು. ವಾರ್ಡ್ ಸಭೆ, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಮುಂದಿನ ವರ್ಷದ ಯೋಜನೆಗೆ ಅಕ್ಟೋಬರ್ 2ರಿಂದ ಶುರುವಾಗುವ ಸುತ್ತಿನಲ್ಲಿ ವಾರ್ಡ್ ಸಭೆಯ ಪುಸ್ತಕಕ್ಕೆ ಬೇಡಿಕೆ ಏರದಿದ್ದರೆ ಅದು ಜಿಪಿಡಿಪಿಗೆ (ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ) ಸೇರುವುದಿಲ್ಲ. ಸೇರದ ಕಾಮಗಾರಿಗೆ ಹಣವಿಲ್ಲ. ಜನವರಿಯಲ್ಲಿ ಹೋಗಿ ಕೈಮುಗಿದರೆ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ ಸುಳ್ಳಲ್ಲ. ಸಭೆ ಮುಗಿದ ಮೇಲೆ ಹೊರಡಬೇಡಿ, ನಡವಳಿ ಬರೆದು ಮುಗಿಸುವ ತನಕ ಕೂತು, ನಿಮ್ಮ ಸಾಲು ಬಿದ್ದಿದೆಯೇ ಕಣ್ಣಾರೆ ನೋಡಿ.

ನಿರ್ಣಯದ ಒಕ್ಕಣೆಯನ್ನು ಕಾರ್ಯದರ್ಶಿಗೆ ಬಿಟ್ಟರೆ ‘ವಾಚನಾಲಯಕ್ಕೆ ಸೂಕ್ತ ಸಹಕಾರ ನೀಡುವ ಬಗ್ಗೆ ಚರ್ಚಿಸಲಾಯಿತು’ ಎಂದು ಬರುತ್ತದೆ. ಚರ್ಚೆಗೆ ಯಾರೂ ಬಿಲ್ ಕಟ್ಟುವುದಿಲ್ಲ. ನಾವು ಕರಡು ಕೊಟ್ಟಿದ್ದು ಹೀಗೆ: ‘ಹಳೆಯ ಪಂಚಾಯಿತಿ ಕಟ್ಟಡದ ಪೂರ್ವದ ಕೋಣೆಯ ವಿದ್ಯುತ್ ಶುಲ್ಕವನ್ನು ಸಬ್ ಮೀಟರ್ ರೀಡಿಂಗ್ ಪ್ರಕಾರ ತಿಂಗಳಿಗೆ 50 ಯೂನಿಟ್ ಮೀರದಂತೆ, ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ, ಈ ದಿನಾಂಕದಿಂದ 11 ತಿಂಗಳವರೆಗೆ ಭರಿಸಲು ಸಭೆಯು ಸರ್ವಾನುಮತದಿಂದ ಅನುಮೋದಿಸಿ ತೀರ್ಮಾನಿಸಿತು.’ ಯಾವುದಕ್ಕೆ, ಎಷ್ಟು, ಯಾವ ಹಣದಿಂದ, ಎಲ್ಲಿಯವರೆಗೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಆಡಿಟರ್ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ವಿಷಯ ಕಾರ್ಯಸೂಚಿಯಲ್ಲಿ ಮೊದಲೇ ಅಚ್ಚಾಗಿರಲಿ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ’ ಎಂದು ಕೊನೆಯಲ್ಲಿ ತೂರಿಸಿದ್ದು ಮುಂದೆ ತಕರಾರಿಗೆ ಸುಲಭ ತುತ್ತು.

ಸಭೆಗೆ ಮುಂಚೆ ಪ್ರತಿ ಸದಸ್ಯರ ಮನೆಗೆ ಹೋಗಲೇಬೇಕು. ವಿರೋಧ ಇರುವವರ ಮನೆಗೆ ಮೊದಲು. ಅವರ ವಾರ್ಡಿನ ಎಷ್ಟು ಮಕ್ಕಳು ಬರುತ್ತಾರೆ ಎಂಬ ಹಾಜರಿ ಪಟ್ಟಿಯನ್ನು ವಾರ್ಡುವಾರು ಬೇರೆ ಹಾಳೆಯಲ್ಲಿ ತೆಗೆದುಕೊಂಡು ಹೋಗಿ, ಭಾಷಣ ಬೇಡ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಧ್ಯಕ್ಷರನ್ನು ಕೆಣಕುವ ಒಂದು ಪೋಸ್ಟು ಇಷ್ಟೆಲ್ಲ ಓಡಾಟವನ್ನು ಹಾಳುಮಾಡಬಲ್ಲದು, ಮಾತುಕತೆ ಮುಗಿಯುವ ತನಕ ಗುಂಪಿನಲ್ಲಿ ಬರೆಯುವ ಕೆಲಸ ಒಬ್ಬರಿಗೇ ವಹಿಸಿ.

ಸಂಘದ ಮನೆಯೂ ಸರಿಯಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಣಿಗೆ ಕನಿಷ್ಠ 7 ಸದಸ್ಯರು ಸಾಕು, ಆದರೆ ವಾರ್ಷಿಕ ಮಹಾಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸದೆ ವರ್ಷಗಟ್ಟಲೆ ಬಿಟ್ಟಿರುವ ಸಂಘಗಳೇ ಜಾಸ್ತಿ. ಎದುರಾಳಿಗಳು ಮೊದಲು ಕೇಳುವುದು ಅದನ್ನೇ. ಬಾಕಿ ಇದ್ದರೆ ದಂಡ ಕಟ್ಟಿ ತೀರಿಸಿ, ಇತ್ತೀಚಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

ಈಗ ಕೋಣೆಯೂ ಕರೆಂಟೂ ನಿರ್ಣಯದ ಮೇಲೆ ನಡೆಯುತ್ತಿವೆ. ಕಪಾಟುಗಳು ಜಿಪಿಡಿಪಿ ಮೂಲಕ ಬಂದವು. ಹೆಂಚಿನ ದುರಸ್ತಿ ಮಾತ್ರ ಬಾಕಿ. ಅಂದಾಜುಪಟ್ಟಿ ಎಂಜಿನಿಯರ್ ಬಳಿ ಇದೆ, ಮಳೆಗಾಲಕ್ಕೆ ಮುಂಚೆ ಆಗುವ ಲಕ್ಷಣವಿಲ್ಲ, ಟಾರ್ಪಾಲಿಗೆ ಚಂದಾ ಎತ್ತಿದ್ದೇವೆ. ಅನುಮತಿ ನವೀಕರಣದ ಅರ್ಜಿಯನ್ನು 9ನೇ ತಿಂಗಳಲ್ಲೇ ಕೊಡಬೇಕು. 11 ತಿಂಗಳು ಮುಗಿದ ಮೇಲೆ ಒಂದೇ ದಿನ ತಡವಾದರೂ ಅನುಮತಿ ಇಲ್ಲದೆ ಕೂತವರೆಂಬ ಹಳೆಯ ನೋಟಿಸಿಗೆ ಹೊಸ ದಿನಾಂಕ ಬೀಳುತ್ತದೆ.