ಬೋಂಜೂರ್‌ನಿಂದ ಶುರು ಮಾಡಿ: ದಿನಬಳಕೆಯ ಫ್ರೆಂಚ್ ಕಲಿಯುವುದು ಹೇಗೆ?

ಫ್ರೆಂಚ್ ಕಲಿಯಲು ಹೊರಟವರು ಸಾಮಾನ್ಯವಾಗಿ ವ್ಯಾಕರಣದ ಪುಸ್ತಕ ತೆರೆದು ಕೂರುತ್ತಾರೆ. ಅದು ಆಮೇಲೆ ಇದ್ದೇ ಇದೆ. ಮೊದಲು ಹತ್ತಿಪ್ಪತ್ತು ಮಾತುಗಳನ್ನು ಇಡಿಯಾಗಿ ಬಾಯಿಗೆ ತಂದುಕೊಳ್ಳಿ.

ಶುರು ‘ಬೋಂಜೂರ್’ನಿಂದಲೇ ಆಗಲಿ, ಅಂದರೆ ನಮಸ್ಕಾರ. ಫ್ರಾನ್ಸಿನಲ್ಲಿ ಅಂಗಡಿಯಲ್ಲಾಗಲಿ, ಆಫೀಸಿನಲ್ಲಾಗಲಿ ಬೋಂಜೂರ್ ಹೇಳದೆ ನೇರ ವಿಷಯಕ್ಕೆ ಬಂದರೆ ಒರಟು ಅನ್ನಿಸುತ್ತದೆ. ಸಂಜೆ ‘ಬೋಂಸ್ವಾರ್’. ಗೆಳೆಯರ ನಡುವೆ ‘ಸಾಲ್ಯು’, ಸಿಕ್ಕಾಗಲೂ ನಡೆಯುತ್ತದೆ, ಹೊರಡುವಾಗಲೂ ನಡೆಯುತ್ತದೆ.

ಎರಡನೆಯ ಹೆಜ್ಜೆ ನಮಗೆ ತುಂಬಾ ಸುಲಭ. ‘ತ್ಯು’ ಅಂದರೆ ನೀನು, ‘ವು’ ಅಂದರೆ ನೀವು. ಒಬ್ಬರಿಗೆ ಗೌರವ ಕೊಡುವಾಗಲೂ ‘ವು’, ಹಲವರನ್ನು ಮಾತಾಡಿಸುವಾಗಲೂ ‘ವು’. ಥೇಟ್ ಕನ್ನಡದ ಹಾಗೇ ಅಲ್ವಾ? ಹೊಸಬರ ಜೊತೆ ‘ವು’ ಎಂದೇ ಮಾತಾಡಿ. ಅವರಾಗಿಯೇ ‘ಓನ್ ಸ ತ್ಯುತ್ವಾ?’ ಎಂದರೆ, ‘ನೀನು ತಾನು ಅಂತಲೇ ಮಾತಾಡೋಣ್ವಾ?’ ಎಂದು ಕರೆದ ಹಾಗೆ. ‘ದಯವಿಟ್ಟು’ ಎನ್ನುವುದೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ: ‘ಸಿಲ್ ವು ಪ್ಲೆ’, ‘ಸಿಲ್ ತ ಪ್ಲೆ’.

ಈ ‘ತ್ಯು’ವಿನ ಸ್ವರ ಕನ್ನಡದಲ್ಲಿಲ್ಲ. ತುಟಿಯನ್ನು ‘ಊ’ ಎನ್ನುವಂತೆ ದುಂಡಗೆ ಮಾಡಿ. ತುಟಿ ಕದಲಿಸದೆ ಬಾಯೊಳಗೆ ‘ಈ’ ಎನ್ನಿ. ಕನ್ನಡಿ ಮುಂದೆ ನಿಂತು ಮಾಡಿದರೆ ಬೇಗ ಹಿಡಿತ ಸಿಗುತ್ತದೆ.

ಕೆಲಸದ ಜಾಗದಲ್ಲಿ ಜಾಸ್ತಿ ಕೈಹಿಡಿಯುವುದು ಎರಡು ಮಾತು. ‘ಜ ನೇ ಪಾ ಕೋಂಪ್ರಿ’, ನನಗೆ ಅರ್ಥ ಆಗಲಿಲ್ಲ. ‘ವು ಪುವೇ ರೇಪೇತೇ?’, ಇನ್ನೊಮ್ಮೆ ಹೇಳ್ತೀರಾ? ಕೇಳಲು ಸಂಕೋಚ ಬೇಡ. ಆಡುಮಾತಿನಲ್ಲಿ ಮೊದಲನೆಯದು ‘ಜೇ ಪಾ ಕೋಂಪ್ರಿ’ ಎಂದು ಮೊಟಕಾಗುತ್ತದೆ. ಕಿವಿಗೆ ಎರಡೂ ಗೊತ್ತಿರಲಿ. ಹೊರಡುವಾಗ ‘ಬೊನ್ ಜೂರ್ನೇ’, ಅಂದರೆ ದಿನ ಚೆನ್ನಾಗಿರಲಿ. ಇನ್ನೂ ಕೆಲಸ ಉಳಿದಿರುವ ಸಹೋದ್ಯೋಗಿಗೆ ‘ಬೋಂ ಕುರಾಜ್’ ಎನ್ನಿ. ಕಷ್ಟದ ಕೆಲಸಕ್ಕೆ ಧೈರ್ಯ ತುಂಬುವ ಈ ಮಾತು ನನಗೆ ಬಹಳ ಇಷ್ಟ.

ಬರೆದದ್ದನ್ನೆಲ್ಲ ಓದಬೇಡಿ. ಪದದ ಕೊನೆಯ ವ್ಯಂಜನ ಎಷ್ಟೋ ಸಲ ಮೌನ. ಆದರೆ ಮುಂದೆ ಸ್ವರ ಬಂದರೆ ಅದಕ್ಕೆ ಜೀವ ಬರಬಹುದು. ‘ವು’ (vous) ಮತ್ತು ‘ಆವೇ’ (avez) ಸೇರಿ ‘ವುಜಾವೇ’, ಮೌನವಾಗಿದ್ದ s ಇಲ್ಲಿ ‘ಜ’ (z) ಆಗಿ ಕೇಳಿಸುತ್ತದೆ. ನಮ್ಮ ಸಂಧಿ ನೆನಪಾಗುತ್ತದೆ.

ಸಂಖ್ಯೆಗಳಿಗೆ ಮಾತ್ರ ಬೇರೆಯೇ ಸಮಯ ಇಡಿ. ಫ್ರಾನ್ಸಿನಲ್ಲಿ 70 ಎಂದರೆ ‘ಅರವತ್ತು-ಹತ್ತು’, 80 ‘ನಾಲ್ಕು-ಇಪ್ಪತ್ತು’, 90 ‘ನಾಲ್ಕು-ಇಪ್ಪತ್ತು-ಹತ್ತು’. ಬೆಲ್ಜಿಯಂನಲ್ಲಿ 70ಕ್ಕೆ ‘ಸೆಪ್ತಾಂತ್’, 90ಕ್ಕೆ ‘ನೋನಾಂತ್’ ಎಂದು ಸಲೀಸಾಗಿ ಹೇಳುತ್ತಾರೆ. ಫ್ರಾನ್ಸಿನವರು ಫೋನ್ ನಂಬರನ್ನು ಎರಡೆರಡು ಅಂಕಿ ಜೋಡಿಸಿ ಹೇಳುವುದರಿಂದ ಈ ಸಂಖ್ಯೆಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಿಮ್ಮ ನಂಬರನ್ನೇ ಹಾಗೆ ದಿನಕ್ಕೊಮ್ಮೆ ಜೋರಾಗಿ ಹೇಳಿ ನೋಡಿ.