ಈ ರೇಸ್‌ನಲ್ಲಿ ಯಾವ ಕುದುರೆ ಓಡಬಹುದು? ಅಮೆರಿಕದ ರೇಸ್‌ಕಾರ್ಡ್ ಓದುವ ಬಗೆ

ಬೆಂಗಳೂರು, ಮೈಸೂರಿನ ರೇಸ್ ನೋಡಿ ಅಭ್ಯಾಸವಾದವರು ಅಮೆರಿಕದ ರೇಸ್‌ಕಾರ್ಡ್ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ರೇಟಿಂಗ್. ನಮ್ಮಲ್ಲಿ ಹ್ಯಾಂಡಿಕ್ಯಾಪರ್ ಪ್ರತಿ ಕುದುರೆಗೂ ಒಂದು ಅಂಕಿ ಕೊಟ್ಟಿರುತ್ತಾರೆ. ಆ ಅಂಕಿ ನೋಡಿದರೆ ಕುದುರೆ ಯಾವ ಕ್ಲಾಸಿಗೆ ಸೇರಿದ್ದು ಅಂತ ಗೊತ್ತಾಗುತ್ತದೆ. ಅಮೆರಿಕದಲ್ಲಿ ದಿನನಿತ್ಯದ ರೇಸ್‌ಗಳು ನಡೆಯುವುದು ಅಂಥ ಅಂಕಿಯ ಮೇಲಲ್ಲ. ಅಲ್ಲಿ ಪ್ರತಿ ರೇಸಿನ ಮೇಲೂ ಮೂರ್ನಾಲ್ಕು ಸಾಲಿನ ಒಂದು ಷರತ್ತು ಇರುತ್ತದೆ. ಯಾರು ಓಡಬಹುದು, ಯಾರು ಓಡುವಂತಿಲ್ಲ, ಬೆನ್ನ ಮೇಲೆ ಎಷ್ಟು ಭಾರ, ಎಲ್ಲವೂ ಅದರಲ್ಲೇ.

ಈ ಷರತ್ತುಗಳನ್ನು ಬರೆಯುವುದು ಆಯಾ ರೇಸ್‌ಕೋರ್ಸಿನ ರೇಸಿಂಗ್ ಸೆಕ್ರೆಟರಿ. ಮುಂದಿನ ಕೆಲವು ವಾರಗಳ ರೇಸ್‌ಗಳನ್ನೆಲ್ಲ ಸೇರಿಸಿ ಒಂದು ಕಿರುಹೊತ್ತಿಗೆ ಹೊರಡಿಸುತ್ತಾರೆ. ಅದಕ್ಕೆ ಕಂಡಿಷನ್ ಬುಕ್ ಎನ್ನುತ್ತಾರೆ. ಟ್ರೇನರ್‌ಗಳು ಅದನ್ನು ತಿರುವಿ ಹಾಕುತ್ತಾ ತಮ್ಮ ಕುದುರೆಗೆ ಹೊಂದುವ ರೇಸ್ ಎಲ್ಲಿದೆ ಅಂತ ಹುಡುಕುತ್ತಾರೆ. ಒಳ್ಳೆಯ ಟ್ರೇನರ್‌ನ ಅರ್ಧ ಬುದ್ಧಿವಂತಿಕೆ ಈ ಹುಡುಕಾಟದಲ್ಲೇ ಇದೆ ಅಂತ ನನ್ನ ಅನಿಸಿಕೆ.

ಒಂದು ಮಾದರಿ ಇಟ್ಟುಕೊಂಡು ಓದೋಣ. ಇದು ನಾನೇ ಬರೆದದ್ದು. ಆದರೆ ನ್ಯೂಯಾರ್ಕ್‌ನ ರೇಸ್‌ಗಳಲ್ಲಿ ಕಾಣುವ ಧಾಟಿ ಇದೇ:

"ನ್ಯೂಯಾರ್ಕ್-ಬ್ರೆಡ್ ಅಂತ ನೋಂದಣಿಯಾದ, ಮೂರು ವರ್ಷ ಮತ್ತು ಮೇಲ್ಪಟ್ಟ ಹೆಣ್ಣು ಕುದುರೆಗಳಿಗೆ. ಮೇಡನ್, ಕ್ಲೈಮಿಂಗ್, ಸ್ಟಾರ್ಟರ್ ಬಿಟ್ಟು ಬೇರೆ ಯಾವ ರೇಸನ್ನೂ ಗೆದ್ದಿರಬಾರದು; ಅಥವಾ ಈವರೆಗೆ ಎರಡು ರೇಸ್ ಗೆದ್ದಿರಬಾರದು. ತೂಕ: ಮೂರು ವರ್ಷದವಕ್ಕೆ 120 ಪೌಂಡ್, ದೊಡ್ಡವಕ್ಕೆ 124 ಪೌಂಡ್. ಕಳೆದ ಎರಡು ತಿಂಗಳಲ್ಲಿ ಗೆಲ್ಲದವಕ್ಕೆ 2 ಪೌಂಡ್ ಕಡಿತ."

ಮೊದಲು ವಯಸ್ಸು ಮತ್ತು ಲಿಂಗ

ಇದು ಸುಲಭ. ಅಮೆರಿಕದಲ್ಲಿ ಎಲ್ಲಾ ಥರೋಬ್ರೆಡ್ ಕುದುರೆಗಳಿಗೂ ಜನವರಿ 1ಕ್ಕೆ ಒಂದು ವರ್ಷ ಕೂಡಿಕೊಳ್ಳುತ್ತದೆ. ಫೆಬ್ರವರಿಯಲ್ಲಿ ಹುಟ್ಟಿದ ಮರಿ, ಮೇ ತಿಂಗಳಲ್ಲಿ ಹುಟ್ಟಿದ ಮರಿ, ಲೆಕ್ಕದಲ್ಲಿ ಎರಡೂ ಒಂದೇ ವಯಸ್ಸಿನವು. ಎರಡು ವರ್ಷದ ಕುದುರೆಗಳ ರೇಸ್‌ನಲ್ಲಿ ಈ ಮೂರು ತಿಂಗಳು ದೊಡ್ಡ ವ್ಯತ್ಯಾಸವೇ.

ನಾಲ್ಕು ವರ್ಷದವರೆಗಿನ ಹೆಣ್ಣು ಕುದುರೆ ಫಿಲ್ಲಿ, ಐದರಿಂದ ಮೇಲೆ ಮೇರ್. "ಫಿಲ್ಲಿ ಮತ್ತು ಮೇರ್" ಎಂದಿದ್ದರೆ ಗಂಡು ಕುದುರೆಗೆ ಪ್ರವೇಶವಿಲ್ಲ. ಏನೂ ಹೇಳದೆ ಬರೀ ವಯಸ್ಸು ಹಾಕಿದ್ದರೆ ಹೆಣ್ಣು, ಗಂಡು, ಬೀಜ ಒಡೆಸಿದ ಗೆಲ್ಡಿಂಗ್ ಎಲ್ಲವೂ ಬರಬಹುದು. ಕೆಂಟಕಿ ಡರ್ಬಿ ಹಾಗೆಯೇ. ಮೂರು ವರ್ಷದ ಕುದುರೆಗಳಿಗೆ ಮಾತ್ರ, ಆದರೆ ಹೆಣ್ಣಿಗೂ ಅವಕಾಶ ಉಂಟು. ಗಂಡು ಮತ್ತು ಗೆಲ್ಡಿಂಗ್‌ಗೆ 126 ಪೌಂಡ್, ಹೆಣ್ಣಿಗೆ 121.

ಆಮೇಲೆ ಏನು ಗೆದ್ದಿರಬಾರದು

ಹೊಸಬರು ತಡವರಿಸುವುದು ಇಲ್ಲೇ. ಈ ಷರತ್ತುಗಳೆಲ್ಲ ಕುದುರೆ ಏನು ಸಾಧಿಸಿಲ್ಲ ಅನ್ನುವುದರ ಲೆಕ್ಕ. ಕುದುರೆ ಎಷ್ಟು ಜೋರು ಅಂತ ಯಾರೂ ಕೇಳುವುದಿಲ್ಲ. ದಾಖಲೆಯಲ್ಲಿ ಏನಿದೆ ಅಂತ ಮಾತ್ರ ಕೇಳುತ್ತಾರೆ.

ಒಮ್ಮೆಯೂ ಗೆಲ್ಲದ ಕುದುರೆ ಮೇಡನ್. ಅವಕ್ಕೇ ಮೀಸಲಾದ ರೇಸ್‌ಗಳಿವೆ. ಅದರಲ್ಲೂ ಎರಡು ಬಗೆ. ಮೇಡನ್ ಸ್ಪೆಷಲ್ ವೇಟ್‌ನಲ್ಲಿ ಕುದುರೆ ಮಾರಾಟಕ್ಕಿಲ್ಲ. ಮಾಲೀಕರು ಆಸೆ ಇಟ್ಟುಕೊಂಡ ಮರಿಗಳು ಸಾಮಾನ್ಯವಾಗಿ ಇಲ್ಲೇ ಮೊದಲು ಓಡುತ್ತವೆ. ಮೇಡನ್ ಕ್ಲೈಮಿಂಗ್‌ನಲ್ಲಿ ಓಡುವ ಪ್ರತಿ ಕುದುರೆಗೂ ಒಂದು ಬೆಲೆ ಇರುತ್ತದೆ. ಅರ್ಹತೆ ಇರುವ ಇನ್ನೊಬ್ಬ ಮಾಲೀಕರು ರೇಸಿಗೆ ಮುಂಚೆ ಆ ಬೆಲೆಗೆ ಚೀಟಿ ಹಾಕಿದರೆ ಕುದುರೆ ಅವರದಾಗುತ್ತದೆ. ಆ ದಿನದ ಬಹುಮಾನ ಮಾತ್ರ ಹಳೆಯ ಮಾಲೀಕರಿಗೆ.

ಗೆದ್ದ ಕುದುರೆಗಳಿಗೂ ಇದೇ ರೀತಿಯ ಕ್ಲೈಮಿಂಗ್ ರೇಸ್‌ಗಳಿವೆ. ಬೆಲೆ ಇಳಿದಷ್ಟೂ ಎದುರಾಳಿಗಳೂ ಹಗುರವಾಗುತ್ತಾರೆ. ಒಳ್ಳೆಯ ಕುದುರೆಯನ್ನು ಕಡಿಮೆ ಬೆಲೆಯ ರೇಸ್‌ಗೆ ಇಳಿಸಿ ಸುಲಭವಾಗಿ ಗೆಲ್ಲೋಣ ಅಂದುಕೊಂಡರೆ ಕುದುರೆಯೇ ಕೈತಪ್ಪಬಹುದು. ಆ ಭಯವೇ ಇಲ್ಲಿ ತಕ್ಕಡಿ ಸರಿದೂಗಿಸುತ್ತದೆ. ಸ್ಟಾರ್ಟರ್ ರೇಸ್ ಎಂದರೆ, ಹಿಂದೆ ಇಂತಿಷ್ಟು ಬೆಲೆಗೆ ಅಥವಾ ಅದಕ್ಕೂ ಕಡಿಮೆಗೆ ಕ್ಲೈಮಿಂಗ್‌ನಲ್ಲಿ ಓಡಿದ್ದ ಕುದುರೆಗೆ ಮಾತ್ರ. ಆದರೆ ಈ ಸಲ ಅದು ಮಾರಾಟಕ್ಕಿಲ್ಲ.

ಈಗ ನಮ್ಮ ಮಾದರಿಯ ನಡುವಿನ ಸಾಲಿಗೆ ಬನ್ನಿ. ಮೇಡನ್, ಕ್ಲೈಮಿಂಗ್, ಸ್ಟಾರ್ಟರ್ ಗೆಲುವುಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವುಗಳ ಆಚೆಗೆ ಒಂದೂ ಗೆಲುವಿಲ್ಲದ ಕುದುರೆಗೆ ಈ ರೇಸ್. ಇದಕ್ಕೆ ಅಲೋಯೆನ್ಸ್ ರೇಸ್ ಅನ್ನುತ್ತಾರೆ. ಈ ನಿರ್ದಿಷ್ಟ ಮೆಟ್ಟಿಲಿಗೆ ಪತ್ರಿಕೆಗಳಲ್ಲಿ ಎನ್-ಒನ್-ಎಕ್ಸ್ ಅಂತ ಚುಟುಕು ಹೆಸರಿದೆ. ಎನ್-ಟೂ-ಎಕ್ಸ್ ಎಂದರೆ ಅಂಥ ಎರಡು ಗೆಲುವು ಇಲ್ಲದವು. ಎನ್-ಟೂ-ಎಲ್ ಅಂತ ಕಂಡರೆ ಅದು ಬೇರೆ. ಅಲ್ಲಿ ಯಾವ ರಿಯಾಯಿತಿಯೂ ಇಲ್ಲ. ಇಡೀ ಜೀವನದಲ್ಲಿ ಎಲ್ಲಾ ಬಗೆಯದೂ ಸೇರಿ ಎರಡು ಗೆಲುವು ಆಗಿರಬಾರದು, ಅಷ್ಟೇ.

ಮೂರು ಕುದುರೆ ಇವೆ ಅಂತ ಇಟ್ಟುಕೊಳ್ಳಿ. ಮೂರೂ ನ್ಯೂಯಾರ್ಕ್‌ನವೇ.

ಮೊದಲನೆಯದು ಒಂದು ಮೇಡನ್ ಮತ್ತು ನಾಲ್ಕು ಕ್ಲೈಮಿಂಗ್ ರೇಸ್ ಗೆದ್ದಿದೆ. ಒಟ್ಟು ಐದು ಗೆಲುವು. ಆದರೂ ಅದು ನಮ್ಮ ಮಾದರಿ ರೇಸ್‌ನಲ್ಲಿ ಓಡಬಹುದು, ಯಾಕೆಂದರೆ ಲೆಕ್ಕಕ್ಕೆ ಬರುವ ಗೆಲುವು ಒಂದೂ ಇಲ್ಲ. ಎರಡನೆಯದು ಒಂದು ಮೇಡನ್, ಒಂದು ಅಲೋಯೆನ್ಸ್ ಗೆದ್ದಿದೆ. ಬರೀ ಎರಡು ಗೆಲುವು, ಆದರೆ ಇದಕ್ಕೆ ಬಾಗಿಲು ಮುಚ್ಚಿದೆ. ಮೂರನೆಯದು ಹುಟ್ಟಾ ಜಾಣ. ಮೊದಲ ಓಟವನ್ನೇ ದೊಡ್ಡ ಸ್ಟೇಕ್ಸ್ ರೇಸ್‌ನಲ್ಲಿ, ಅಂದರೆ ಅಲೋಯೆನ್ಸ್‌ಗಿಂತ ಮೇಲಿನ ಮಟ್ಟದ ರೇಸ್‌ನಲ್ಲಿ, ಓಡಿ ಗೆದ್ದುಬಿಟ್ಟಿದೆ. ಷರತ್ತಿನ ಮೊದಲ ಅರ್ಧದ ಪ್ರಕಾರ ಅದು ಬರುವಂತಿಲ್ಲ. ಆದರೆ "ಅಥವಾ ಎರಡು ರೇಸ್ ಗೆದ್ದಿರಬಾರದು" ಅಂತ ಇದೆಯಲ್ಲ, ಆ ಅರ್ಧದಿಂದ ಒಳಗೆ ಬರುತ್ತದೆ. ಈ "ಅಥವಾ" ಕಣ್ಣು ತಪ್ಪಿದರೆ, ಇಷ್ಟು ಬಲವಾದ ಕುದುರೆ ಈ ಸಾಧಾರಣ ರೇಸ್‌ಗೆ ಹೇಗೆ ಬಂತು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಇನ್ನೊಂದು ಹಿಂಬಾಗಿಲೂ ಇದೆ. "ಆಪ್ಷನಲ್ ಕ್ಲೈಮಿಂಗ್" ಎಂದು ಇದ್ದರೆ, ಷರತ್ತಿಗೆ ಹೊಂದದ ಕುದುರೆಯೂ ನಿಗದಿತ ಬೆಲೆಗೆ ಮಾರಾಟಕ್ಕೆ ಒಪ್ಪಿಕೊಂಡು ಓಡಬಹುದು. ಒಂದೇ ರೇಸ್‌ನಲ್ಲಿ ಕೆಲವು ಕುದುರೆಗೆ ಬೆಲೆ ಇದ್ದು ಕೆಲವಕ್ಕೆ ಇಲ್ಲದಿರುವುದು ಇದೇ ಕಾರಣಕ್ಕೆ.

ರಾಜ್ಯದ ಬೇಲಿ

ಈಗ ಮಾದರಿಯ ಮೊದಲ ಪದಕ್ಕೆ ಹೋಗೋಣ. ನ್ಯೂಯಾರ್ಕ್-ಬ್ರೆಡ್. ನಮ್ಮ ರೇಸ್ ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಕುದುರೆ ಪುಣೆಯ ಸ್ಟಡ್ ಫಾರ್ಮ್‌ನದೋ, ಕುಣಿಗಲ್‌ನದೋ ಅಂತ ನಾವು ಕುತೂಹಲಕ್ಕೆ ನೋಡುತ್ತೇವೆ. ಅಲ್ಲಿ ಅದೇ ಅರ್ಹತೆ.

ಕಾರಣ ದುಡ್ಡು. ಅಮೆರಿಕದ ಕುದುರೆ ಸಾಕಣೆಯ ರಾಜಧಾನಿ ಕೆಂಟಕಿ. ಹುಲ್ಲು, ಸುಣ್ಣದ ಕಲ್ಲಿನ ನೆಲ, ದೊಡ್ಡ ದೊಡ್ಡ ಫಾರ್ಮ್‌ಗಳು, ದುಬಾರಿ ಬೀಜದ ಕುದುರೆಗಳು, ಎಲ್ಲಾ ಅಲ್ಲೇ. ಮುಕ್ತ ಸ್ಪರ್ಧೆ ಮಾತ್ರ ಇದ್ದರೆ ಬೇರೆ ರಾಜ್ಯದ ಸಾಕಣೆದಾರರು ಅದರ ಮುಂದೆ ನಿಲ್ಲುವುದು ಕಷ್ಟ. ಅದಕ್ಕೇ ರಾಜ್ಯಗಳು ತಮ್ಮಲ್ಲಿ ಹುಟ್ಟಿದ ಕುದುರೆಗಳಿಗೆ ಪ್ರತ್ಯೇಕ ರೇಸ್, ಪ್ರತ್ಯೇಕ ಬಹುಮಾನ ಇಟ್ಟವು. ನ್ಯೂಯಾರ್ಕ್ ಇದಕ್ಕಾಗಿ 1973ರಲ್ಲಿ ಒಂದು ನಿಧಿಯನ್ನೇ ಕಟ್ಟಿತು. ಬೆಟ್ಟಿಂಗ್ ಹಣದಲ್ಲಿ ಒಂದು ಪಾಲು, ಮುಂದೆ ಕ್ಯಾಸಿನೊ ಯಂತ್ರಗಳ ಆದಾಯದಲ್ಲಿ ಒಂದು ಪಾಲು ಈ ಕಡೆ ಹರಿಯಿತು.

ಹಾಗಾದರೆ ರಾಜ್ಯದ ಕುದುರೆ ಯಾವುದು? ಇಲ್ಲಿ ಪ್ರತಿ ರಾಜ್ಯದ್ದೂ ಒಂದೊಂದು ರಾಗ. ನಮ್ಮ ಸಿಇಟಿ ಸೀಟಿಗೆ ಏಳು ವರ್ಷ ಕರ್ನಾಟಕದಲ್ಲಿ ಓದಿದ ಪ್ರಮಾಣಪತ್ರ ಕೇಳುತ್ತಾರಲ್ಲ, ಹಾಗೆ ಇಲ್ಲೂ ಕಾಗದದ ಪುರಾವೆ ಬೇಕು. ವ್ಯತ್ಯಾಸ ಏನೆಂದರೆ, ಇಲ್ಲಿ ಕೇಳುವುದು ಬಹುಮಟ್ಟಿಗೆ ತಾಯಿಯ ಓಡಾಟದ ಲೆಕ್ಕ.

ನ್ಯೂಯಾರ್ಕ್‌ನಲ್ಲಿ ಮರಿ ಆ ರಾಜ್ಯದ ನೆಲದ ಮೇಲೇ ಹುಟ್ಟಬೇಕು. ಜೊತೆಗೆ ತಾಯಿ ಗಬ್ಬವಾದ ಮೇಲೆ ನಿಗದಿತ ಅವಧಿಯೊಳಗೆ ರಾಜ್ಯಕ್ಕೆ ಬಂದು ಮರಿ ಹಾಕುವವರೆಗೂ ಅಲ್ಲೇ ಇರಬೇಕು. ಹಾಗಿಲ್ಲದಿದ್ದರೆ ಮರಿ ಹಾಕಿದ ವರ್ಷವೇ ತಾಯಿಯನ್ನು ನ್ಯೂಯಾರ್ಕ್‌ನ ಗಂಡಿಗೆ ಕೂಡಿಸಬೇಕು. ತಂದೆ ಎಲ್ಲಿಯದು ಅನ್ನುವುದು ಮುಖ್ಯವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮರಿ ಅಲ್ಲೇ ಹುಟ್ಟಿ, ಗಬ್ಬವೂ ಅಲ್ಲಿಯ ಗಂಡಿನಿಂದಲೇ ಆಗಿದ್ದರೆ ಸರಿ. ಹೊರಗೆ ಗಬ್ಬವಾಗಿ ಬಂದ ತಾಯಿಯಾದರೆ ಮರಿ ಹಾಕಿದ ಮೇಲೆ ಅಲ್ಲೇ ಉಳಿದು ಮುಂದಿನ ಸಲ ಕ್ಯಾಲಿಫೋರ್ನಿಯಾದ ಗಂಡಿನ ಜೊತೆ ಕೂಡಬೇಕು.

ಮೇರಿಲ್ಯಾಂಡ್ ಮಿಲಿಯನ್ ಅನ್ನುವ ರೇಸ್ ದಿನದ ಲೆಕ್ಕ ಪೂರ್ತಿ ಉಲ್ಟಾ. 1986ರಲ್ಲಿ ಶುರುವಾದ ಈ ದಿನದಲ್ಲಿ ಎಣಿಕೆಗೆ ಬರುವುದು ತಂದೆ. ಮೇರಿಲ್ಯಾಂಡ್‌ನಲ್ಲಿ ನಿಲ್ಲಿಸಿದ್ದ ಬೀಜದ ಕುದುರೆಯ ಮರಿಯಾದರೆ ಸಾಕು, ಹುಟ್ಟಿದ್ದು ಬೇರೆ ರಾಜ್ಯದಲ್ಲಾದರೂ ನಡೆಯುತ್ತದೆ. ಹಾಗಾಗಿ "ಬ್ರೆಡ್" ಎಂದಿದೆಯೋ "ಸೈರ್ಡ್" ಎಂದಿದೆಯೋ ನೋಡಿಕೊಳ್ಳಿ. ಮೊದಲನೆಯದು ಹುಟ್ಟಿದ ಜಾಗ, ಎರಡನೆಯದು ತಂದೆಯ ಜಾಗ.

ಕೆಂಟಕಿಯದು ಇನ್ನೊಂದು ಉಪಾಯ. ಅಲ್ಲಿ ಬೇಲಿ ಹಾಕುವುದಕ್ಕಿಂತ ಹಣದಲ್ಲಿ ಭೇದ ಮಾಡುತ್ತಾರೆ. ರೇಸ್ ಎಲ್ಲರಿಗೂ ತೆರೆದಿರುತ್ತದೆ. ಬಹುಮಾನದಲ್ಲಿ ಒಂದು ಭಾಗ ಮಾತ್ರ ರಾಜ್ಯದ ನಿಧಿಯಲ್ಲಿ ನೋಂದಾಯಿಸಿದ ಕುದುರೆಗೆ. ಹೊರಗಿನ ಕುದುರೆ ಗೆದ್ದರೆ ಆ ಭಾಗ ಸಿಗುವುದಿಲ್ಲ. ಕಾರ್ಡಿನಲ್ಲಿ ದೊಡ್ಡ ಮೊತ್ತ ಕಂಡರೆ ಅದು ಎಲ್ಲರಿಗೂ ಸಿಗುವ ಹಣವಲ್ಲ ಅಂತ ನೆನಪಿಡಿ.

ಬೇಲಿ ಇರುವುದು ಒಂದೇ ಕಡೆ

ಹೊರಗಿನ ಕುದುರೆ ಒಳಗೆ ಬರುವಂತಿಲ್ಲ. ಒಳಗಿನ ಕುದುರೆ ಮಾತ್ರ ಯಾವಾಗ ಬೇಕಾದರೂ ಹೊರಗೆ ಹೋಗಿ ಮುಕ್ತ ರೇಸ್‌ನಲ್ಲಿ ಓಡಬಹುದು. ಇದಕ್ಕೆ ಫನ್ನಿ ಸೈಡ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅದರ ತಂದೆ ಡಿಸ್ಟಾರ್ಟೆಡ್ ಹ್ಯೂಮರ್ ಇದ್ದದ್ದು ಕೆಂಟಕಿಯಲ್ಲಿ. ಮರಿ ಹುಟ್ಟಿದ್ದು ನ್ಯೂಯಾರ್ಕ್‌ನ ಸಾರಾಟೋಗ ಸ್ಪ್ರಿಂಗ್ಸ್‌ನಲ್ಲಿ, 2000ದಲ್ಲಿ. ಬೀಜ ಒಡೆಸಿದ ಕುದುರೆ. ಎರಡು ವರ್ಷದ್ದಾಗಿದ್ದಾಗ ಓಡಿದ ಮೂರು ರೇಸ್‌ಗಳೂ ನ್ಯೂಯಾರ್ಕ್-ಬ್ರೆಡ್‌ಗೆ ಮೀಸಲಾದವು, ಮೂರನ್ನೂ ಗೆದ್ದಿತು. ಮರುವರ್ಷ ಮುಕ್ತ ರೇಸ್‌ಗೆ ಹೋದಾಗ ಮೊದಲು ಸೋಲೇ ಕಾದಿತ್ತು. ಆದರೆ 2003ರ ಮೇ ತಿಂಗಳಲ್ಲಿ ಕೆಂಟಕಿ ಡರ್ಬಿಯನ್ನೇ ಗೆದ್ದುಬಿಟ್ಟಿತು, ಹಿಂದೆಯೇ ಪ್ರೀಕ್‌ನೆಸ್ ಕೂಡ. ಡರ್ಬಿ ಗೆದ್ದ ಮೊದಲ ನ್ಯೂಯಾರ್ಕ್-ಬ್ರೆಡ್ ಅದು. 2014ರಲ್ಲಿ ಕ್ಯಾಲಿಫೋರ್ನಿಯಾ ಕ್ರೋಮ್ ತನ್ನ ರಾಜ್ಯದ ರೇಸ್‌ಗಳಿಂದ ಮೇಲೆದ್ದು ಅದೇ ಎರಡು ರೇಸ್ ಗೆದ್ದಿತು. 2020ರಲ್ಲಿ ಬೆಲ್ಮಾಂಟ್ ಗೆದ್ದ ಟಿಜ್ ದ ಲಾ ಮೊದಲ ಸಲ ಓಡಿದ್ದೂ ಸಾರಾಟೋಗದ ನ್ಯೂಯಾರ್ಕ್-ಬ್ರೆಡ್ ಮೇಡನ್ ರೇಸ್‌ನಲ್ಲೇ.

ಇವು ಅಪರೂಪದ ಕಥೆಗಳು ನಿಜ. ಎಲ್ಲಾ ರಾಜ್ಯದ ಕುದುರೆಗಳೂ ಹೀಗೇ ಅಂದುಕೊಂಡರೆ ಕೆಟ್ಟೆವು. ಬೇಲಿಯೊಳಗೆ ಸ್ಪರ್ಧೆ ಸಾಮಾನ್ಯವಾಗಿ ಹಗುರ, ಬಹುಮಾನ ಮಾತ್ರ ಹಗುರವಲ್ಲ. ನ್ಯೂಯಾರ್ಕ್‌ನ ಮೀಸಲು ರೇಸ್‌ನ ಬಹುಮಾನ ಎಷ್ಟೋ ರಾಜ್ಯಗಳ ಮುಕ್ತ ರೇಸ್‌ಗಿಂತ ಜಾಸ್ತಿ. ಬಹುಮಾನದ ಮೊತ್ತ ನೋಡಿ ಕುದುರೆಯ ಮಟ್ಟ ಅಳೆಯುವವರು ಮೋಸ ಹೋಗುವುದು ಇಲ್ಲೇ.

ಹಾಗಾಗಿ ಕುದುರೆಯ ಹಿಂದಿನ ಓಟಗಳ ಪಟ್ಟಿ ನೋಡುವಾಗ ಪುಟ್ಟ ಗುರುತುಗಳ ಮೇಲೆ ಕಣ್ಣಿಡಿ. ಚೌಕದೊಳಗೆ ಎಸ್ ಅಕ್ಷರ ಇದ್ದರೆ ಅದು ರಾಜ್ಯಕ್ಕೆ ಮೀಸಲಾದ ರೇಸ್. ಚೌಕದೊಳಗೆ ಆರ್ ಇದ್ದರೆ ಬೇರೇನೋ ನಿರ್ಬಂಧ, ಉದಾಹರಣೆಗೆ ಇಂಥ ಹರಾಜಿನಲ್ಲಿ ಮಾರಾಟವಾದ ಕುದುರೆಗೆ ಮಾತ್ರ. ವೃತ್ತದೊಳಗೆ ಎಫ್ ಇದ್ದರೆ ಹೆಣ್ಣು ಕುದುರೆಗಳದು. ಗೆದ್ದ ರೇಸ್‌ಗಳ ಮುಂದೆಲ್ಲ ಎಸ್ ಇದ್ದು, ಇವತ್ತಿನ ರೇಸ್ ಮುಕ್ತವಾಗಿದ್ದರೆ ಅದು ಮೆಟ್ಟಿಲು ಹತ್ತುತ್ತಿದೆ. ಮುಕ್ತ ರೇಸ್‌ಗಳಲ್ಲಿ ಸೋತು ಈಗ ಎಸ್ ರೇಸ್‌ಗೆ ಬಂದಿದ್ದರೆ ಇಳಿಯುತ್ತಿದೆ. ಎರಡನೆಯದರ ಮೇಲೆ ನನಗೆ ಯಾವಾಗಲೂ ಕುತೂಹಲ ಜಾಸ್ತಿ.

ಇನ್ನೊಂದು ಸೂಕ್ಷ್ಮ. ಕೆಲವು ಮುಕ್ತ ಅಲೋಯೆನ್ಸ್ ಷರತ್ತುಗಳಲ್ಲಿ "ಮೇಡನ್, ಕ್ಲೈಮಿಂಗ್, ಸ್ಟಾರ್ಟರ್" ಜೊತೆಗೆ "ಅಥವಾ ರಿಸ್ಟ್ರಿಕ್ಟೆಡ್" ಅಂತಲೂ ಸೇರಿಸಿರುತ್ತಾರೆ. ಆಗ ಮೀಸಲು ರೇಸ್‌ನ ಗೆಲುವೂ ಲೆಕ್ಕಕ್ಕಿಲ್ಲ. ನಮ್ಮ ಎರಡನೇ ಕುದುರೆ, ಅದೇ ಬಾಗಿಲು ಮುಚ್ಚಿದ್ದ ಕುದುರೆ, ಗೆದ್ದ ಅಲೋಯೆನ್ಸ್ ನ್ಯೂಯಾರ್ಕ್-ಬ್ರೆಡ್‌ಗೆ ಮೀಸಲಾಗಿದ್ದದ್ದಾದರೆ ಅಂಥ ಮುಕ್ತ ರೇಸ್‌ಗೆ ಅರ್ಹ. ತವರಿನಲ್ಲಿ ಮೆಟ್ಟಿಲು ಮುಗಿದ ಕುದುರೆಗೆ ಹೊರಗೆ ಮೊದಲ ಮೆಟ್ಟಿಲು ಇನ್ನೂ ಖಾಲಿ ಇರುತ್ತದೆ.

ತೂಕ ಮತ್ತು ಉಳಿದದ್ದು

ತೂಕದ ಸಾಲು ಓದಿ ಮುಂದೆ ಹೋದರೆ ಸಾಕು. ಚಿಕ್ಕ ವಯಸ್ಸಿಗೆ ಕಡಿಮೆ, ಇತ್ತೀಚೆಗೆ ಗೆಲ್ಲದವಕ್ಕೆ ಸ್ವಲ್ಪ ಕಡಿತ. ಅರ್ಹತೆ ಇದ್ದ ಮಾತ್ರಕ್ಕೆ ಜಾಗ ಸಿಗುತ್ತದೆ ಅಂತಲೂ ಇಲ್ಲ. ಹೆಸರು ಕೊಟ್ಟ ಕುದುರೆಗಳು ಜಾಸ್ತಿಯಾದರೆ ಕೆಲವನ್ನು ಕಾಯುವ ಪಟ್ಟಿಗೆ ಹಾಕುತ್ತಾರೆ. ಡರ್ಬಿಯಲ್ಲಿ 20 ಕುದುರೆಗಳ ಮಿತಿ ಇರುವುದರಿಂದ 2013ರಿಂದ ಅಂಕಗಳ ಲೆಕ್ಕದಲ್ಲಿ ಆರಿಸುತ್ತಾರೆ. ಕೆಲವು ಕಡೆ ಮುಕ್ತ ರೇಸ್‌ನಲ್ಲೂ ರಾಜ್ಯದ ಕುದುರೆಗೆ ಮೊದಲ ಆದ್ಯತೆ ಅಂತ ಒಂದು ಸಾಲು ಸೇರಿಸಿರುತ್ತಾರೆ.

ಕುದುರೆ ಕೊಳ್ಳುವ ಯೋಚನೆ ಇದ್ದವರಿಗೆ ಒಂದು ಮಾತು. ಅಮೆರಿಕದಲ್ಲಿ ನೆಲೆಸಿದವರು ನಾಲ್ಕೈದು ಜನ ಸೇರಿ ಒಂದು ಕುದುರೆಯಲ್ಲಿ ಪಾಲು ತೆಗೆದುಕೊಳ್ಳುವುದು ಕಷ್ಟವೇನಲ್ಲ. ಆಗ "ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು" ಅನ್ನುವ ಬಾಯಿಮಾತು ಸಾಲದು. ಅಲ್ಲಿ ಹುಟ್ಟಿಯೂ ರಾಜ್ಯದ ಪಟ್ಟಿಯಲ್ಲಿ ನೋಂದಣಿ ಆಗದಿದ್ದರೆ ಮೀಸಲು ರೇಸ್‌ಗೆ ಪ್ರವೇಶವಿಲ್ಲ. ಹರಾಜಿನ ಕೆಟಲಾಗ್‌ನಲ್ಲಿ ಪ್ರತಿ ಕುದುರೆಯ ಪುಟದಲ್ಲೂ ಅದು ಯಾವ ರಾಜ್ಯದಲ್ಲಿ ನೋಂದಣಿಯಾಗಿದೆ ಅಂತ ಒಂದು ಸಣ್ಣ ಸಾಲು ಇರುತ್ತದೆ. ವಂಶಾವಳಿ ಓದುವ ಮೊದಲು ಆ ಸಾಲು ಓದಿ. ಅದು ಕಾಣದಿದ್ದರೆ ಬೆಲೆ ಮಾತಾಡುವ ಮುಂಚೆ ನೋಂದಣಿ ಪತ್ರ ಕೇಳಿ.