ಕರಾವಳಿಯಲ್ಲಿ ಮನೆ ಕಟ್ಟಿಸುವವರು ಮೊದಲು ಯಾವುದಕ್ಕೆ ಹಣ ಹಾಕಬೇಕು?

ಕಾರವಾರ, ಅಂಕೋಲಾ, ಕುಮಟಾ ಕಡೆ ಸ್ವಂತ ಮನೆ ಕಟ್ಟಿಸಲು ಹೊರಟವರು ಟೈಲ್ಸ್, ಫಾಲ್ಸ್ ಸೀಲಿಂಗ್‌ಗಳ ಆಯ್ಕೆಗೆ ಮುನ್ನ, ಆಮೇಲೆ ಬದಲಿಸಲಾಗದ ಭಾಗಗಳಿಗೆ ಹಣ ಮೀಸಲಿಡುವುದು ಒಳ್ಳೆಯದು. ಅವುಗಳಲ್ಲಿ ಮೊದಲನೆಯದು ಕಾಂಕ್ರೀಟಿನೊಳಗಿನ ಸರಳು. ಉಪ್ಪುಗಾಳಿಯ ಲವಣಾಂಶ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದಂತೆ ಸ್ಲ್ಯಾಬಿನ ಅಡಿಭಾಗ ಬಿರಿದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕಾಂಕ್ರೀಟ್ ಕಟ್ಟಡಗಳಿಗಿರುವ ಭಾರತೀಯ ಮಾನದಂಡ ಐಎಸ್ 456, ಕರಾವಳಿಯ ಹವೆಗೆ ನೇರವಾಗಿ ತೆರೆದುಕೊಂಡ ಆರ್‌ಸಿಸಿಗೆ (ಸರಳು ಹಾಕಿದ ಕಾಂಕ್ರೀಟಿಗೆ) ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟನ್ನೂ 45 ಮಿ.ಮೀ. ಕವರನ್ನೂ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಸೂಚಿಸುತ್ತದೆ. ಆದ್ದರಿಂದ ಸ್ಲ್ಯಾಬ್ ಹಾಕುವ ಮೊದಲು ಸರಳಿನಡಿ ಅದನ್ನು ಅಷ್ಟು ಎತ್ತರಕ್ಕೆ ಎತ್ತಿ ಹಿಡಿಯುವ ಅಳತೆಯ ಕವರ್ ಬ್ಲಾಕ್ ಇದೆಯೋ, ಕೈಗೆ ಸಿಕ್ಕ ಜಲ್ಲಿಚೂರು ಇದೆಯೋ ಎಂಬುದನ್ನು ನೀವೇ ಬಗ್ಗಿ ನೋಡಿ. ಮೇಸ್ತ್ರಿಗೆ ಬೇಸರವಾದರೂ ಚಿಂತೆಯಿಲ್ಲ.

ಹೊರಗಿನ ರೇಲಿಂಗಿಗೆ, ತಿರುಪುಗಳಿಗೆ 304ರ ಬದಲು ಮಾಲಿಬ್ಡಿನಮ್ ಬೆರೆತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ಉಪ್ಪನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ಹೊಡೆಯುವ ಪಡುವಣ ದಿಕ್ಕಿನ ಚಿರೇಕಲ್ಲಿನ ಗೋಡೆಗೆ, ನನ್ನ ಮಟ್ಟಿಗೆ, ದುಬಾರಿ ಪೇಂಟಿಗಿಂತ ಧಾರಾಳವಾಗಿ ಚಾಚಿದ ಸೂರೇ ಮೇಲು.

ಪ್ಲಾಸ್ಟರಿಂಗಿಗೆ ಮುನ್ನ ತಾರಸಿಯಿಂದ ಮೀಟರ್ ಬೋರ್ಡಿಗೆ ಸೋಲಾರಿಗಾಗಿಯೂ, ಬೋರ್ಡಿನಿಂದ ವಾಹನ ನಿಲ್ಲಿಸುವ ಜಾಗಕ್ಕೆ ಚಾರ್ಜರಿಗಾಗಿಯೂ ಖಾಲಿ ಪೈಪು ಎಳೆಸಿ, ಪೈಪು ಎಲ್ಲಿದೆ ಎಂದು ಆಮೇಲೆ ಗೊತ್ತಾಗಲು ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೆಳಮಹಡಿಯ ಒಂದು ಬಚ್ಚಲಿನ ಬಾಗಿಲು 3 ಅಡಿ ಅಗಲವಿದ್ದು ಹೊಸ್ತಿಲಿಲ್ಲದಿದ್ದರೆ, ಮುಂದೆ ಹಿರಿಯರ ಗಾಲಿಕುರ್ಚಿ ಹೋಗಲು ಗೋಡೆ ಒಡೆಯಬೇಕಾಗುವುದಿಲ್ಲ.